ಖುವಾಂಗಿಯ ಹೊಗೆನೀರು

ಹೊರಗಿನವರು ನಮ್ಮೂರಿಗೆ ಬಂದು "ಬಿದಿರುನೀರಜ್ಜಿ ಮನೆ ಎಲ್ಲಿ?" ಎಂದು ಕೇಳಿದಾಗ ನಮಗೆ ಒಳಗೊಳಗೇ ನಗು ಬರುತ್ತದೆ. ಅದೇನೋ ದೊಡ್ಡ ಬಿರುದು ಎಂದುಕೊಂಡಿರುತ್ತಾರೆ, ಪಾಪ. ಅದು ಖುವಾಂಗಿಯ ಮುಖಕ್ಕೆ ಎಸೆದ ಬೈಗುಳ ಎಂದು ಹೇಳಿದರೆ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಕಂಡಿದ್ದೇನೆ, ಹೇಳುತ್ತೇನೆ.

ನಮ್ಮ ಲುಶಾಯಿ ಗುಡ್ಡದಲ್ಲಿ ಆಗ ಹೆಂಗಸಿನ ಮಾನ ಅವಳ ಸೊಂಟಕ್ಕೆ ತೂಗಿದ ಪುಟ್ಟ ಸೋರೆಬುರುಡೆಯಲ್ಲಿರುತ್ತಿತ್ತು. ಗಂಡಸರು ತಂಬಾಕು ಸೇದುವುದು ಒಣ ಕೊಳವೆಯಲ್ಲಿ, ನೀರು ತುಂಬಿದ ಬಿದಿರಿನ ಗುಡುಗುಡಿ ಹೆಂಗಸರದು. ಸೌದೆಗೆ ಹೋಗುವಾಗ, ಭತ್ತ ಕಾಯುವಾಗ, ನೂಲುವಾಗ ಸೇದಿ ಸೇದಿ, ಗುಡುಗುಡಿಯ ಹೊಟ್ಟೆಯ ನೀರು ಹೊಗೆಯನ್ನೆಲ್ಲ ಕುಡಿದು ಕಾಡುಜೇನಿನ ಬಣ್ಣಕ್ಕೆ ತಿರುಗಿದ ಮೇಲೆ ಅದನ್ನು ಬುರುಡೆಗೆ ಬಗ್ಗಿಸಿಕೊಳ್ಳುತ್ತಾರೆ. ಅದೇ ಹೊಗೆನೀರು. ಮನೆಗೆ ಯಾರೇ ಬರಲಿ, ಮೊದಲು ಅದು, ಆಮೇಲೆ ಮಾತು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನಾಲಿಗೆ ಜುಮ್ಮೆನ್ನುವವರೆಗೂ ತಡೆದು, ಆಮೇಲೆ ಜಗಲಿಯಾಚೆ ಉಗುಳಬೇಕು. ಬಂದವನು ಎಷ್ಟು ಹೊತ್ತು ತಡೆದ ಎನ್ನುವುದರ ಮೇಲೆ ಆ ಮನೆಯ ಹೆಂಗಸಿನ ಯೋಗ್ಯತೆ. ನುಂಗುವವರು ಯಾರೂ ಇಲ್ಲ. ನುಂಗಿದವನಿಗೆ ತಲೆ ಗಿರ್ರೆಂದು ಎದುರಿನ ಗುಡ್ಡ ಮೈಮೇಲೆ ಬಂದು ಕೂರುತ್ತದೆ.

ಖುವಾಂಗಿ ತಾಯಿಯಿಲ್ಲದ ಹುಡುಗಿ. ಸೋದರಮಾವನ ಮನೆಯಲ್ಲಿ ಬೆಳೆದಳು, ಅಲ್ಲಿ ಬೇರೆ ಹೆಂಗಸರೇ ಇರಲಿಲ್ಲ. ಗೆಳತಿಯರ ಗುಡುಗುಡಿಯನ್ನು ಇಸಕೊಂಡು ಸೇದುವುದನ್ನು ಕಲಿತಳೇ ಹೊರತು, ಒಂದನ್ನು ಆರಿಸಿ, ಕಟ್ಟಿ, ಪಳಗಿಸುವುದು ಹೇಗೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ವುಂಗ ಎಂಬ ಬೇಟೆಗಾರ ಅವಳನ್ನು ಮೆಚ್ಚಿ ಮದುವೆಯಾಗಿ ನಮ್ಮೂರಿಗೆ ಕರೆತಂದ. ಅವನ ತಾಯಿ ದಾರ್‌ಪುಯಿ. ಅಯ್ಯೋ, ಆ ದಾರ್‌ಪುಯಿ! ನಮ್ಮ ಊರಲ್ಲಿ ಅವಳ ಹೊಗೆನೀರಿಗೆ ಸಾಟಿ ಇರಲಿಲ್ಲ, ಅವಳ ನಾಲಿಗೆಗೂ ಇರಲಿಲ್ಲ.

"ಅತ್ತೆ, ಗುಡುಗುಡಿಗೆ ಎಂಥ ಬಿದಿರು ತರ್ಬೇಕು?" ಎಂದು ಸೊಸೆ ಕೇಳಿದ್ದಕ್ಕೆ, "ನಮ್ಮತ್ತೆ ನಂಗೇನಾದ್ರೂ ಹೇಳ್ಕೊಟ್ಟಿದ್ಲೇನೇ? ಕಣ್ಣಿಲ್ವಾ ನಿಂಗೆ? ಹೋಗು, ಹುಡುಕ್ಕೋ," ಎಂದಳು.

ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಖುವಾಂಗಿ ನೀರಿನ ಒರತೆಯ ಪಕ್ಕದಲ್ಲಿ ಹಸಿರು ಹಸಿರಾಗಿ ಹೊಳೆಯುತ್ತಿದ್ದ ಬಿದಿರೊಂದನ್ನು ನೋಡಿದಳು. ಎಷ್ಟು ಚೆಂದ ಇದೆಯಲ್ಲ ಎಂದು ಅದನ್ನೇ ಕಡಿದು, ಅವಸರದಲ್ಲಿ ತಂಬಾಕು ತುಂಬುವ ಮಣ್ಣಿನ ಚಿಲಿಮೆ ಸಿಕ್ಕಿಸಿ, ಎರಡು ದಿನ ಸೇದಿ, ನೀರು ಬಗ್ಗಿಸಿಯೇಬಿಟ್ಟಳು. ಹೊಸ ಸೊಸೆಯ ಉಮೇದು, ಏನು ಹೇಳುವುದು.

ಅವತ್ತೇ ಬರಬೇಕೆ ದೋಖಾಮ! ಊರಿನ ಹಿರಿಯ ಬೇಟೆಗಾರ ಅವನು. ಬಾಯಿರುಚಿಯ ವಿಷಯದಲ್ಲಿ ಊರೇ ಅವನಿಗೆ ಹೆದರುತ್ತಿತ್ತು. ಒಲೆಯ ಪಕ್ಕ ಕೂತವನಿಗೆ ಖುವಾಂಗಿ ಎರಡೂ ಕೈಯಿಂದ ತನ್ನ ಬುರುಡೆ ಕೊಟ್ಟಳು. ಅವನು ಒಂದು ಗುಟುಕು ಹಾಕಿದ. ನಾಲಿಗೆ ನೆನೆಯುವಷ್ಟೂ ತಡೆಯಲಿಲ್ಲ. ಜಗಲಿಗೂ ಹೋಗದೆ ಒಲೆಯ ಬೂದಿಗೇ ಥೂ ಎಂದು ಉಗಿದ.

"ಏನಮ್ಮಾ ಇದು, ಹೊಗೆನೀರೋ ಬಿದಿರುನೀರೋ? ಎಳೆ ಕಳಲೆ ಬೇಯಿಸಿದ ಹಾಗಿದೆ! ದಾರ್‌ಪುಯಿ, ಸೊಸೆ ನಮ್ಮನ್ನೆಲ್ಲ ಹಂದಿ ಅಂದ್ಕೊಂಡ್ಲೇನೇ?"

ಮನೆ ತುಂಬ ಜನ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ನಕ್ಕಳು. ಅದೇ ಖುವಾಂಗಿಯನ್ನು ಸುಟ್ಟಿದ್ದು. ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಊರಿಗೆಲ್ಲ ಅವಳು ಬಿದಿರುನೀರು. ಒರತೆಯ ಹತ್ತಿರ ಬಿದಿರುನೀರು, ಸೌದೆಯ ದಾರಿಯಲ್ಲಿ ಬಿದಿರುನೀರು. ಅತ್ತೆಯಂತೂ ಸೊಸೆಯ ಹೆಸರನ್ನೇ ಮರೆತುಬಿಟ್ಟಳು. "ಏ ಬಿದಿರುನೀರೇ, ಅಕ್ಕಿ ಕುಟ್ಟಿದ್ಯಾ?" ಎಂದರೆ ಖುವಾಂಗಿ ಕುಟ್ಟುತ್ತಿದ್ದಳು, ಆದರೆ ತಿರುಗಿ ನೋಡುತ್ತಿರಲಿಲ್ಲ, ಓಗೊಡುತ್ತಿರಲಿಲ್ಲ. ಮೂರು ವರ್ಷ ಒಂದು ಸಲವೂ ಓಗೊಡಲಿಲ್ಲ. ಅತಿಥಿಗಳಿಗೆ ಬುರುಡೆ ಕೊಡುವ ಕೈ ಮತ್ತೆ ಅತ್ತೆಯದೇ ಆಯಿತು.

ಗಂಡ ವುಂಗ ಒಳ್ಳೆಯವನೇ. "ಹೋಗ್ಲಿ ಬಿಡೇ, ನಾನು ಬಾಯಿಗೆ ಹಾಕ್ತೀನಲ್ಲ ನಿನ್ನ ನೀರು," ಎಂದ.

"ನಿಂಗೆ ಕೊಚ್ಚೆ ನೀರು ಕೊಟ್ರೂ ಕುಡಿತೀಯ. ನಿನ್ನ ಮಾತು ಯಾರಿಗೆ ಬೇಕು? ಆ ಮುದುಕ ಇನ್ನೊಂದ್ ಗುಟುಕು ಕೊಡು ಅಂತ ಕೇಳ್ಬೇಕು. ಕೇಳಿಸ್ತೀನಿ," ಎಂದಳು ಖುವಾಂಗಿ.

ಎರಡನೆಯ ಗುಟುಕನ್ನು ದೋಖಾಮ ದಾರ್‌ಪುಯಿಯ ಹತ್ತಿರವೂ ಎಂದೂ ಕೇಳಿದ್ದಿಲ್ಲ.

ಅವಳು ಹಟ ಹಿಡಿದಳು. ಮೊದಲ ವರ್ಷ ಬಿದಿರಿನ ಹಿಂದೆಯೇ ಅಲೆದಳು. ನೀರಿನ ಪಕ್ಕದ್ದು ಬೇಡವೇ ಬೇಡ ಎಂದು ಗೊತ್ತಾಯಿತು. ಕಲ್ಲುನೆಲದಲ್ಲಿ, ಬಿಸಿಲಿಗೆ ಮೈಯೊಡ್ಡಿ, ಹೊಟ್ಟೆಗಿಲ್ಲದೆ ಬೆಳೆದ ಮೂರು ವರ್ಷದ ಬಿದಿರೇ ಆಗಬೇಕು, ಅದೂ ಚಳಿಗಾಲದಲ್ಲಿ ಕಡಿದದ್ದು. ಗೆಣ್ಣಿನ ಮೇಲೆ ಬೂದಿ ಬಳಿದಂತಿರಬೇಕು, ಬೆರಳಿನಿಂದ ತಟ್ಟಿದರೆ ಟಕ್ ಎನ್ನಬೇಕು. ಅಂಥದ್ದನ್ನು ಕಡಿದು ಒಲೆಯ ಮೇಲಿನ ಅಟ್ಟಣೆಯಲ್ಲಿ ಎರಡು ತಿಂಗಳು ಹೊಗೆಗೆ ಹಾಕಿದಳು. ಅದು ಸೀಳಿಹೋಯಿತು. ಅತ್ತೆ ಅದನ್ನು ಒಲೆಗೆ ತುರುಕುತ್ತಾ, "ಪಾಪ, ಉರಿಯೋದಕ್ಕಾದ್ರೂ ಬಂತಲ್ಲ," ಎಂದಳು. ಇನ್ನೊಂದನ್ನು ಕಡಿದಳು. ಈ ಸಲ ಬೆಂಕಿಯ ನೇರಕ್ಕೆ ಇಡದೆ ಮೂಲೆಗೆ ಇಟ್ಟಳು.

ಚಿಲಿಮೆಯ ಮಣ್ಣಿಗೆ ಹಳ್ಳಕ್ಕಿಳಿದಳು. ಬರಿಯ ಮಣ್ಣು ಕೆಂಡದ ಬಿಸಿಗೆ ಬಿರಿಯುತ್ತದೆಂದು ಒಡೆದ ಗಡಿಗೆಯ ಚೂರನ್ನು ಕುಟ್ಟಿ ಬೆರೆಸಿದಳು. ಚಿಲಿಮೆಯಿಂದ ನೀರಿಗಿಳಿಯುವ ಸಣ್ಣ ಕೊಳವೆಯೊಂದಿದೆಯಲ್ಲ, ಇಡೀ ಗುಟ್ಟು ಅದರ ತುದಿಯಲ್ಲಿದೆ ಎಂದು ಅವಳಿಗೆ ಎರಡನೆಯ ವರ್ಷ ಹೊಳೆಯಿತು. ಒಂದು ಬೆರಳಷ್ಟೇ ಮುಳುಗಿದರೆ ಹೊಗೆ ನೀರನ್ನು ಮುಟ್ಟಿದ ಹಾಗೆ ಮಾಡಿ ಓಡಿಹೋಗುತ್ತದೆ. ಮೂರು ಬೆರಳು ಮುಳುಗಿದರೆ ಎಳೆದೆಳೆದು ಕೆನ್ನೆ ಬೀಳುತ್ತದೆ, ಬಾಯಿಗೆ ನೀರೇ ಬರುತ್ತದೆ. ಎರಡು ಬೆರಳೇ ಸರಿ. ಸಂದಿಗೆಲ್ಲ ಜೇನುಮೇಣ ತುಂಬಿ, ಚಿಲಿಮೆಯ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಎಳೆದು ನೋಡುತ್ತಿದ್ದಳು. ಕೊಳವೆ ತುಟಿಯನ್ನು ಕಚ್ಚಿ ಹಿಡಿದರೆ ಬಿಗಿ ಸರಿ. ಎಲ್ಲೋ ಸುಯ್ ಎಂದರೆ ಮತ್ತೆ ಬಿಚ್ಚು, ಮತ್ತೆ ಕಟ್ಟು. ಎಷ್ಟು ಸಲ ಬಿಚ್ಚಿದಳೋ ದೇವರಿಗೇ ಗೊತ್ತು.

ಮೂರನೆಯ ವರ್ಷ ಬರೀ ಸೇದಿದಳು. ಹಣೆಗೆ ಬುಟ್ಟಿ ತೂಗುವ ಪಟ್ಟಿ, ಬೆನ್ನಿಗೆ ಸೌದೆ ಬುಟ್ಟಿ, ಕೈಯಲ್ಲಿ ಗುಡುಗುಡಿ. ದಾರಿಯಲ್ಲಿ ಹೆಂಗಸರು ರೇಗಿಸುತ್ತಿದ್ದರು.

"ಬಿದಿರುನೀರೇ, ಈ ಸಲ ಯಾರಿಗೇ ಕೊಡ್ತೀಯ, ಹಂದಿಗೋ ಕೋಳಿಗೋ?"

"ಮೊದ್ಲು ನಿನ್ನ ಗಂಡಂಗೆ ಕೊಡ್ತೀನಿ. ಆಮೇಲೆ ಅವನು ನಿನ್ನ ಮನೆ ಕಡೆ ತಲೆ ಹಾಕಿದ್ರೆ ಕೇಳು," ಎಂದಳು ಖುವಾಂಗಿ.

ಅವತ್ತಿನಿಂದ ಅವರ ನಗುವಿಗೆ ಸ್ವಲ್ಪ ಲಗಾಮು ಬಿತ್ತು. ಖುವಾಂಗಿಯ ಕಿವಿ ಗುಡುಗುಡಿಯ ಸದ್ದಿನ ಕಡೆಗಿತ್ತು. ಹೊಸ ನೀರು ಗುಳುಗುಳು ಎನ್ನುತ್ತದೆ. ಹೊಗೆ ತುಂಬುತ್ತ ಬಂದ ಹಾಗೆ ದನಿ ದಪ್ಪಗಾಗಿ, ಕೊನೆಗೆ ಗಂಜಿ ಕುದಿಯುವ ಹಾಗೆ ಬುಡುಬುಡು ಎನ್ನುತ್ತದೆ. ಆಗ ನಿಲ್ಲಿಸಬೇಕು. ಇನ್ನೊಂದು ಚಿಲಿಮೆ ಸೇದಿದರೂ ಕಹಿ. ಆ ಚಳಿಗಾಲದಲ್ಲಿ ಮೊದಲ ಸಲ ಅವಳು ತನ್ನ ನೀರನ್ನು ನಾಲಿಗೆಗಿಟ್ಟು, ದಾರಿಯ ಮಧ್ಯದಲ್ಲೇ ಬುಟ್ಟಿ ಇಳಿಸಿ, ಒಬ್ಬಳೇ ನಕ್ಕಳು. ಬೇಕಾದ ರುಚಿ ಬಂದಿತ್ತು.

ಆಮೇಲೆ ಹನ್ನೆರಡು ದಿನಕ್ಕೆ ವುಂಗ ಕರಡಿ ಹೊಡೆದ. ಸಣ್ಣ ಮಾತೇ? ಮನೆಯಲ್ಲಿ ಔತಣ. ಊರೇ ಬರುತ್ತದೆ, ದೋಖಾಮ ಮೊದಲ ಜಾಗದಲ್ಲಿ ಕೂರುತ್ತಾನೆ, ಮೊದಲ ಬುರುಡೆ ಅವನಿಗೇ. ಕೊಡುವುದು ಅತ್ತೆ.

ಖುವಾಂಗಿ ಬಾಯಿ ಬಿಟ್ಟು ಕೇಳಿದಳು. "ಅತ್ತೆ, ಈ ಸಲ ನನ್ನ ಬುರುಡೆ ಕೊಡ್ಲಾ?"

"ಔತಣದ ದಿನ ಮನೆ ಮಾನ ಕಳೀಬೇಕಾ? ಸುಮ್ನೆ ಹಂದಿ ಮಾಂಸ ಬೇಯಿಸು," ಎಂದು ದಾರ್‌ಪುಯಿ ಕೆಮ್ಮಿದಳು.

ಆ ಕೆಮ್ಮು ಚಳಿ ಶುರುವಾದಾಗಿನಿಂದ ಇತ್ತು. ಮುದುಕಿ ದಿನಾ ಜಗಲಿಯಲ್ಲಿ ಗುಡುಗುಡಿ ಹಿಡಿದು ಕೂರುತ್ತಿದ್ದಳು ನಿಜ. ಆದರೆ ಖುವಾಂಗಿಯ ಕಿವಿ ಈಗ ಸಾಮಾನ್ಯದ್ದಲ್ಲ. ಅತ್ತೆಯ ಗುಡುಗುಡಿಯಿಂದ ಒಂದು ತಿಂಗಳಿನಿಂದ ಸದ್ದೇ ಬಂದಿರಲಿಲ್ಲ.

ಔತಣದ ಬೆಳಿಗ್ಗೆ ದಾರ್‌ಪುಯಿ ಅಂಗಳದಲ್ಲಿ ಹಂದಿ ಕೊಯ್ಯುವವರಿಗೆ ಜೋರು ಮಾಡುತ್ತಿದ್ದಳು. ಅವಳ ಬುರುಡೆ ಕಂಬಕ್ಕೆ ನೇತಾಡುತ್ತಿತ್ತು. ಖುವಾಂಗಿ ಬಿರಡೆ ತೆಗೆದು ಮೂಸಿದಳು. ಹೊಗೆಯ ವಾಸನೆಯೇ ಇಲ್ಲ. ತಂಬಾಕಿನ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ತುಂಬಿಟ್ಟಿದ್ದಳು! ಆ ಮುದುಕಿ, ಆ ದಾರ್‌ಪುಯಿ, ಕೈಲಾಗುವುದಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಎಲೆ ನೆನೆಸಿದ್ದಳು.

ಸುಮ್ಮನಿದ್ದರೆ ಸಾಕಿತ್ತು. ದೋಖಾಮ ಉಗಿಯುತ್ತಾನೆ, ಊರು ನಗುತ್ತದೆ, ಆಗ ತನ್ನ ಬುರುಡೆ ಹಿಡಿದು ಮುಂದೆ ಬಂದರಾಯಿತು. ಈ ಯೋಚನೆ ಅವಳಿಗೆ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಂತು, ಚೆನ್ನಾಗಿಯೇ ಬಂತು, ಒಂದು ಗಳಿಗೆ ಅದರ ರುಚಿಯನ್ನೂ ನೋಡಿದಳು. ಆದರೆ ಒಲೆಯ ಬೂದಿ ಕಣ್ಣಿಗೆ ಬಿತ್ತು. ಅಲ್ಲೇ ಅವನು ಉಗಿದದ್ದು. ಜನರ ಮಧ್ಯೆ ಆ ಥೂ ಕೇಳಿಸಿಕೊಂಡರೆ ಹೇಗಿರುತ್ತದೆ ಎಂದು ಊರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಬೈದುಕೊಳ್ಳುತ್ತ ಎಲೆನೀರನ್ನು ಬೂದಿಗೆ ಸುರಿದಳು, ತನ್ನ ಬುರುಡೆಯನ್ನು ಕೊನೆಯ ಹನಿಯವರೆಗೂ ಅತ್ತೆಯದಕ್ಕೆ ಬಗ್ಗಿಸಿದಳು. ಹನ್ನೆರಡು ದಿನ ಸೇದಿ ಕೂಡಿಸಿದ ನೀರು. ಕಣ್ಣಲ್ಲಿ ನೀರು ಬಂತು, ಹೊಗೆಗೆ ಎಂದುಕೊಂಡಳು.

ಹೊತ್ತೇರಿತು, ಮನೆ ತುಂಬಿತು. ಜಗಲಿಯಲ್ಲಿ ಕರಡಿಯ ತಲೆ, ಒಳಗೆ ಅಕ್ಕಿ ಹೆಂಡದ ಗಡಿಗೆ. ದಾರ್‌ಪುಯಿ ಬುರುಡೆ ಹಿಡಿದು ಎದ್ದಳು. ಕೊಡುವವಳು ಮೊದಲು ತಾನೊಂದು ಗುಟುಕು ಹಾಕುವುದು ಪದ್ಧತಿ. ಬುರುಡೆ ಎತ್ತಿದಳು, ಬಾಯಿಗೆ ಹಾಕಿದಳು, ಹಾಗೆಯೇ ನಿಂತುಬಿಟ್ಟಳು. ಕಣ್ಣು ಮೆಲ್ಲನೆ ಹೊರಳಿ ಸೊಸೆಯ ಸೊಂಟದ ಮೇಲೆ ನಿಂತಿತು. ಅಲ್ಲಿ ಬುರುಡೆ ಬರಿದಾಗಿ ಓಲಾಡುತ್ತಿತ್ತು. ಖುವಾಂಗಿ ಹಂದಿಯ ಮಡಕೆಗೆ ತಲೆ ಬಗ್ಗಿಸಿ, ಕದಡುವ ಅಗತ್ಯವಿಲ್ಲದಿದ್ದರೂ ಕದಡುತ್ತಿದ್ದಳು.

ದೋಖಾಮ ಬುರುಡೆ ಇಸಕೊಂಡು ಗುಟುಕು ಹಾಕಿದ. ಕಣ್ಣು ಮುಚ್ಚಿದ. ಎಷ್ಟು ಹೊತ್ತು! ಹೊರಗೆ ನಾಯಿಗಳು ಎಲುಬಿಗೆ ಜಗಳ ಶುರು ಮಾಡಿ, ಮುಗಿಸಿ, ಬೇರೆಬೇರೆಯಾದವು. ಆಮೇಲೆ ಅವನು ಎದ್ದು ಜಗಲಿಗೆ ಹೋಗಿ ಮರ್ಯಾದೆಯಿಂದ ಉಗುಳಿ ಬಂದು, ಮತ್ತೆ ಕೈ ಚಾಚಿದ.

"ಇನ್ನೊಂದ್ ಗುಟುಕು ಕೊಡೇ ದಾರ್‌ಪುಯಿ."

ಮನೆಯೆಲ್ಲ ಗುಜುಗುಜು. ದೋಖಾಮ ಎರಡನೆಯದನ್ನು ಬಾಯಿಗೆ ಹಾಕಿಕೊಂಡು, ಕೆನ್ನೆ ಉಬ್ಬಿಸಿ, ತಲೆದೂಗಿದ. ಖುವಾಂಗಿಯ ಕೈಯ ಸೌಟು ಮಡಕೆಯಲ್ಲೇ ನಿಂತಿತು. ಕೇಳಿಸುತ್ತೇನೆ ಎಂದಿದ್ದಳು, ಕೇಳಿಸಿದ್ದಳು. ಆದರೆ ಕೇಳಿದ್ದು ಅತ್ತೆಯ ಹೆಸರು ಹಿಡಿದು.

ದಾರ್‌ಪುಯಿ ಬಾಯಿ ಮುಚ್ಚಿಕೊಂಡಿದ್ದರೆ ಸಾಯುವವರೆಗೂ ಊರಿಗೇ ದೊಡ್ಡವಳಾಗಿರುತ್ತಿದ್ದಳು. ಅವಳು ಬಾಯಿ ಮುಚ್ಚಿಕೊಳ್ಳುವ ಜಾತಿಯಲ್ಲ, ಅದಕ್ಕೇ ನನಗೆ ಅವಳೆಂದರೆ ಪ್ರಾಣ.

"ದೋಖಾಮ," ಎಂದಳು, "ನಿನ್ನ ಬಾಯಲ್ಲಿರೋದು ನಂದಲ್ಲ. ನನ್ನ ಎದೇಲಿ ಒಂದು ಚಿಲಿಮೆ ಎಳೆಯೋ ಉಸಿರೂ ಇಲ್ಲ ಈಗ. ನಾನು ಎಲೆ ನೆನೆಸಿಟ್ಟಿದ್ದೆ, ಕಳ್ಳಿ ನಾನು. ಇದು ಬಿದಿರುನೀರು. ನನ್ನ ಸೊಸೇದು."

ದೋಖಾಮನ ಕೆನ್ನೆ ಉಬ್ಬಿದ ಹಾಗೆಯೇ ಉಳಿಯಿತು. ಕಣ್ಣು ಸೊಸೆಯ ಕಡೆ ಹೋಯಿತು, ಒಲೆಯ ಬೂದಿಯ ಕಡೆ ಹೋಯಿತು. ಉಗುಳಬೇಕು, ಪದ್ಧತಿ. ಆದರೆ ಮತ್ತೊಮ್ಮೆ ಅವಳ ಕಣ್ಣೆದುರಿಗೇ ಅವಳ ನೀರನ್ನು ಉಗುಳುವುದೆ? ಊರೆಲ್ಲ ಅವನ ಗಂಟಲನ್ನೇ ನೋಡುತ್ತಿತ್ತು. ಗಂಟಲುಮಣಿ ಮೇಲೆ ಹೋಯಿತು, ಕೆಳಗೆ ಬಂತು.

"ಅಯ್ಯೋ, ನುಂಗಿದ!" ಎಂದು ಯಾರೋ ಕಿರುಚಿದರು.

ನುಂಗಿದ್ದ. ಮುಖ ಕೆಂಪಾಗಿ, ಹಸಿರಾಗಿ, ಬೆವರಿಳಿಯಿತು. ಎದ್ದು ನಿಂತವನು ಕಂಬವನ್ನು ತಬ್ಬಿಕೊಂಡ. ವುಂಗ ಓಡಿಬಂದು ಹಿಡಿದರೆ ಅವನನ್ನೇ ತಳ್ಳಿ, "ಬಿಡೋ, ಬಿಡು! ತಿರುಗೋದು ಗುಡ್ಡ, ನಾನಲ್ಲ," ಎಂದ. ಕಂಬವನ್ನು ಬಿಡದೆಯೇ ಖುವಾಂಗಿಯ ಕಡೆ ತಿರುಗಿದ. "ಮಗಳೇ, ಮೂರು ವರ್ಷದ ಹಿಂದೆ ನಾನು ಉಗಿದದ್ದು ಇದರ ಜೊತೆ ಒಳಗೆ ಹೋಯ್ತು. ಸಾಕಾ?"

"ಸಾಕು ಮಾವ, ಕೂತ್ಕೊಳ್ಳಿ, ಬೀಳ್ತೀರ," ಎಂದಳು ಖುವಾಂಗಿ. ಅಷ್ಟು ಹೇಳುವುದರೊಳಗೆ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಸೌಟು ಕೈತಪ್ಪಿ ಮಡಕೆಗೆ ಬಿತ್ತು. ನಗು ಅಂದರೆ ಅದೇನು ನಗು! ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು, ಹೆಂಡದ ಗಡಿಗೆ ಉರುಳುವುದೊಂದು ಬಾಕಿ. ಆದರೆ ಈ ಸಲದ ನಗು ಅವಳ ಕಡೆಗಿತ್ತು.

ಆಗ ಜನರ ಮಧ್ಯದಿಂದ ಅತ್ತೆಯ ದನಿ. ಮುದುಕಿ ಬುರುಡೆಯನ್ನು ಮುಂದಕ್ಕೆ ಚಾಚಿ, ಉಳಿದ ಅತಿಥಿಗಳನ್ನು ತೋರಿಸುತ್ತಾ, ಯಾವತ್ತಿನ ಜೋರಿನಲ್ಲೇ ಕೂಗಿದಳು.

"ಏ ಬಿದಿರುನೀರೇ! ಅಲ್ಲೇ ನಿಂತ್ಕೊಂಡ್ ಹಲ್ಲು ಕಿರೀಬೇಡ. ಜನ ಕಾಯ್ತಾ ಇದಾರೆ, ಬಂದು ಕೊಡೇ ನಿನ್ನ ಕೈಯಾರೆ!"

ಖುವಾಂಗಿ ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ತಿರುಗಿದಳು.

"ಬಂದೆ ಅತ್ತೆ," ಎಂದಳು.