ಅಟ್ಟ ಖಾಲಿ ಮಾಡಿದ ವರ್ಷ

ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುತ್ತಿರಲಿಲ್ಲ, ಅಟ್ಟಕ್ಕೆ ಹಾಕುತ್ತಿದ್ದರು. ತೂತು ಬಿದ್ದ ತಪ್ಪಲೆ, ಹಿಡಿ ಮುರಿದ ಕುಡುಗೋಲು, ಗಾಜು ಒಡೆದ ಲಾಟೀನು, ಕಾಲು ಮುರಿದ ಮಣೆ, ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವರ ಹರಿದ ಛತ್ರಿ, ಎಲ್ಲವೂ ಮೇಲಕ್ಕೆ. "ಇದನ್ನೇನು ಮಾಡೋದು ಅತ್ತೆ?" ಎಂದು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ. "ಇರ್ಲಿ ಬುಡು, ಮೇಲಿಡು." ಮದುವೆಯಾಗಿ ಬಂದ ಮೊದಲ ವಾರದಿಂದ ಈ ಮಾತನ್ನು ಕೇಳುತ್ತಾ ಬಂದವಳು ನಾನು. ನಾಳೆ ನಾನು ಸತ್ತರೂ ಈಯಮ್ಮ "ಇರ್ಲಿ ಬುಡು, ಮೇಲಿಡು" ಅಂತಾರೆ ಎಂದು ಒಮ್ಮೆ ಗಂಡನ ಮುಂದೆ ಅಂದು ಚೆನ್ನಾಗಿ ಬೈಸಿಕೊಂಡಿದ್ದೆ.

ಎಂಬತ್ತರ ದಶಕದ ಮೊದಮೊದಲ ವರ್ಷಗಳವು. ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ನಮ್ಮೂರು. ನಮ್ಮ ಕಡೆ ಅಟ್ಟ ಕಟ್ಟುವುದು ಹಳೇ ಸಾಮಾನಿಗಲ್ಲ, ಕಾಯಿಗೆ. ಮರದಿಂದ ಇಳಿಸಿದ ತೆಂಗಿನಕಾಯಿಯನ್ನು ಸುಲಿಯದೆ ಮಟ್ಟೆಸಮೇತ ಮೇಲೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಇಳಿಸಿ, ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿ ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಕಳಿಸುವುದು. ನಾಲ್ಕೈದು ದಿನ ಕಳೆಯುವುದರೊಳಗೆ ಹೊಸ ಕಾಯಿ ಮತ್ತೆ ಅಟ್ಟ ಸೇರುತ್ತಿತ್ತು. ಹಳೇ ಸಾಮಾನು ಇದ್ದದ್ದು ಈ ಕಾಯಿ ರಾಶಿಯ ಹಿಂದೆ, ಗೋಡೆಗೆ ಒತ್ತಿಕೊಂಡು. ಅದನ್ನು ಮುಟ್ಟಬೇಕೆಂದರೆ ವರ್ಷಕ್ಕೆ ಆ ನಾಲ್ಕೈದು ದಿನ ಮಾತ್ರ. ಆ ದಿನಗಳಲ್ಲಿ ಅತ್ತೆ ಏಣಿಯ ಬುಡ ಬಿಟ್ಟು ಅಲ್ಲಾಡುತ್ತಿರಲಿಲ್ಲ.

ಅಟ್ಟದ ಬಿದಿರು ದಬ್ಬೆಗಳ ಸಂದಿಯಿಂದ ದಿನಕ್ಕೆ ಎರಡು ಸಲ ಕಸ ಉದುರುತ್ತಿತ್ತು. ಮುಚ್ಚದೇ ಇಟ್ಟ ಸಾರಿನಲ್ಲಿ ಇಲಿ ಹಿಕ್ಕೆ, ಹಾಸಿದ ಹಾಸಿಗೆಯ ಮೇಲೆ ಗೆದ್ದಲ ಮಣ್ಣು. ಗುಡಿಸುವುದು, ಒರೆಸುವುದು, ಮತ್ತೆ ಗುಡಿಸುವುದು. ಕೈಯಲ್ಲೊಂದು ಕೂಸು, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಮಧ್ಯಾಹ್ನ ಒಂದು ಗಳಿಗೆ ಕಂಬಕ್ಕೆ ಒರಗಿ ಮೇಲೆ ನೋಡಿದರೆ ಆ ರಾಶಿಯೆಲ್ಲ ನನ್ನ ತಲೆಯ ಮೇಲೇ ಕೂತಿರುವಂತೆ ಅನ್ನಿಸುತ್ತಿತ್ತು. ಮೂವತ್ತು ತುಂಬುವ ಮೊದಲೇ ನನಗೆ ಸಾಕುಸಾಕಾಗಿ ಹೋಗಿತ್ತು.

ಇನ್ನೊಂದು ಸಂಕಟವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಸತ್ತವರ ಛತ್ರಿಗೂ ಜಾಗವಿದ್ದ ಆ ಮನೆಯಲ್ಲಿ ನನ್ನ ಅಮ್ಮನದು ಅನ್ನುವ ಒಂದು ವಸ್ತುವೂ ನನ್ನ ಹತ್ತಿರ ಇರಲಿಲ್ಲ.

ನನ್ನ ತವರು ಚಿಕ್ಕನಾಯಕನಹಳ್ಳಿಯ ಕಡೆ. ಮಗಳ ಬಾಣಂತನ ಅಲ್ಲೇ ಆಗಿತ್ತು. ಐದನೇ ತಿಂಗಳಲ್ಲಿ ಕೂಸನ್ನು ಎತ್ತಿಕೊಂಡು ಹೊರಟಾಗ ಅಮ್ಮ ಮಡಿಲಕ್ಕಿ ತುಂಬಿದಳು. ಅಕ್ಕಿ, ಬೆಲ್ಲ, ಅರಿಸಿನದ ಕೊಂಬು, ಎಲೆ ಅಡಿಕೆ. ಕಾಯಿ ಮಾತ್ರ ಹಿತ್ತಲ ಮರದ್ದೇ ಆಗಬೇಕೆಂದು ಜುಟ್ಟು ಬಿಟ್ಟು ತಾನೇ ಸುಲಿದಿದ್ದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ನೀರು ತುಂಬ್ಕೊಂಡೈತೆ ನೋಡು" ಅಂದು ಅರಿಸಿನ ಕುಂಕುಮ ಹಚ್ಚಿ ನನ್ನ ಸೆರಗಿಗೆ ಹಾಕಿದಳು. ನಾನು ಇಲ್ಲಿಗೆ ಬಂದ ನಾಲ್ಕನೇ ದಿನ ಅವಳು ತೋಟದಲ್ಲಿ ಗರಿ ಎಳೆಯುತ್ತಾ ಕುಸಿದು ಬಿದ್ದಳಂತೆ. ಸುದ್ದಿ ಬಂದಾಗ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಮಡಿಲಕ್ಕಿಯ ಗಂಟು ಎಲ್ಲಿ ಬಿತ್ತೋ, ಏನಾಯಿತೋ, ಆಮೇಲೂ ಕೇಳಲಿಲ್ಲ.

ಅವಳ ತಿಥಿಕಾರ್ಯ ಮುಗಿಯುವಷ್ಟರಲ್ಲಿ ಅತ್ತಿಗೆಯರು ಅವಳ ಸೀರೆ, ಬಳೆ, ಎಲೆಅಡಿಕೆ ಡಬ್ಬಿಯನ್ನೆಲ್ಲ ಹಂಚಿಕೊಂಡಿದ್ದರು. ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಅಮ್ಮ ಒಂದು ಫೋಟೋ ಕೂಡ ತೆಗೆಸಿಕೊಂಡವಳಲ್ಲ. ಅವಳ ಕೈ ಮುಟ್ಟಿದ್ದು ಒಂದಾದರೂ ಬೇಕಿತ್ತು, ಒಂದು ಹರಕು ರವಿಕೆಯಾದರೂ ಸಾಕಿತ್ತು. ಅದು ಇಲ್ಲದೇ ಹೋದದ್ದಕ್ಕೋ ಏನೋ, ಇನ್ನೊಬ್ಬರು ಕೂಡಿಟ್ಟ ಸಾಮಾನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಅದಾಗಿ ಮೂರು ವರ್ಷಕ್ಕೆ, ಕಾಯಿ ಇಳಿಸುವ ಹೊತ್ತಿಗೆ ಸರಿಯಾಗಿ, ಕಿಬ್ಬನಹಳ್ಳಿಯಲ್ಲಿದ್ದ ಅತ್ತೆಯ ತಂಗಿಯ ಮನೆಯಲ್ಲಿ ಮದುವೆ ಬಂತು. ಅತ್ತೆ ಹೋಗಲೋ ಬೇಡವೋ ಎಂದು ಎರಡು ದಿನ ಒದ್ದಾಡಿದರು. ಮಂಡಿ ನೋವು ಬೇರೆ, ಏಣಿ ಹತ್ತುವುದು ಬಿಟ್ಟು ಎರಡು ವರ್ಷವಾಗಿತ್ತು. ಕೊನೆಗೆ ಹೊರಟು ನಿಂತು, "ಕಾಯಿ ಇಳಿಸ್ರಿ. ಹಿಂದಿನ್ ಸಾಮಾನು ಮುಟ್ಟಬ್ಯಾಡ ಕಣವ್ವ, ನಾನು ಬತ್ತೀನಿ" ಎಂದರು. ನಾನು ಹೂಂ ಅಂದೆ. ಬಸ್ಸು ತಿರುವು ದಾಟಿರಲಿಕ್ಕಿಲ್ಲ, ನಾನು ಸೆರಗು ಸಿಕ್ಕಿಸಿದೆ.

ಕಾಯಿ ಸುಲಿಯಲು ಇಬ್ಬರು ಆಳು ಬಂದಿದ್ದರು. ಒಬ್ಬ ಅಂಗಳದಲ್ಲಿ ಗೂಟಕ್ಕೆ ಚುಚ್ಚಿ ಮಟ್ಟೆ ಸೀಳುವವನು, ಇನ್ನೊಬ್ಬ ಮಚ್ಚಿನ ಬೆನ್ನಿನಿಂದ ತಟ್ಟಿ ಕೊಬ್ಬರಿಗೆ ಪೆಟ್ಟಾಗದಂತೆ ಕರಟ ಬಿಡಿಸುವ ಹಳಬ. ಗಟ್ಟಿ ಉಂಡೆಗಳೆಲ್ಲ ತಿಪಟೂರಿನ ಚೀಲಕ್ಕೆ. ಒಡೆದದ್ದು, ಹುಳ ಕಂಡದ್ದು, ಹಳೆಯದಾಗಿ ಕೆಂಪಗಾದದ್ದು ಪಕ್ಕದ ಬಿದಿರು ಹೆಣೆದ ಮಂಕರಿಗೆ. ಅದು ಮನೆಯ ಎಣ್ಣೆಗೆ, ತುರುವೇಕೆರೆಯ ಗಾಣಕ್ಕೆ ಹೋಗುತ್ತಿತ್ತು. ಪ್ರತಿ ವರ್ಷದ ಪದ್ಧತಿ.

ಎರಡನೇ ದಿನ ಮಧ್ಯಾಹ್ನಕ್ಕೆ ಕಾಯಿ ಪೂರಾ ಇಳಿಯಿತು. ಗಂಡ ತೋಟಕ್ಕೆ ಹೋಗಿದ್ದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೇಲೆ ಹತ್ತಿ ಒಂದೊಂದೇ ಕೆಳಗೆ ಬಿಡತೊಡಗಿದೆ. ಎಷ್ಟು ತೆಗೆದರೂ ಮುಗಿಯಲೊಲ್ಲದು. ಮುಚ್ಚಳವಿಲ್ಲದ ಡಬ್ಬಗಳು, ಡಬ್ಬವಿಲ್ಲದ ಮುಚ್ಚಳಗಳು, ಯಾವ ಕಾಲದ ಎತ್ತಿನದೋ ಹಗ್ಗ, ನೊಗದ ಚೂರು, ಬೂಷ್ಟು ಹಿಡಿದ ಕಂಬಳಿ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಊರೊಳಗೇ ಇದ್ದಳು, ಹೇಳಿ ಕಳಿಸಿದೆ. ಹಳೇ ಬಟ್ಟೆಯ ಗಂಟು ಬಿಚ್ಚಿ ನೋಡಿ ಮುಖ ಸಿಂಡರಿಸಿದಳು.

"ಇದ್ನ ಯಾರಿಗ್ ಕೊಡ್ಲಿ ತಾಯಿ, ಇಲೀಗೂ ಬ್ಯಾಡ."

"ಒಂದು ಲೋಟವಾದ್ರೂ ಕೊಡಮ್ಮ, ಹೊತ್ಕೊಂಡು ಹೋದ್ರೆ ಸಾಕು" ಎಂದೆ. ಒಂದು ಸಣ್ಣ ಬಟ್ಟಲು ಕೊಟ್ಟಳು. ಸೈಕಲ್ಲಿನಲ್ಲಿ ಹಳೇ ಕಬ್ಬಿಣ ಕೊಳ್ಳಲು ಬರುತ್ತಿದ್ದವನು ಕುಡುಗೋಲು, ತಗಡು, ಲಾಟೀನು ಎಲ್ಲ ಕಟ್ಟಿಕೊಂಡು ಒಂದಿಷ್ಟು ಈರುಳ್ಳಿ ಸುರಿದು ಹೋದ. ಛತ್ರಿಯನ್ನು ಅವನೂ ಮುಟ್ಟಲಿಲ್ಲ, ಒಲೆಗೆ ಹಾಕಿದೆ. ಪಾಪಪ್ರಜ್ಞೆ ಏನೂ ಆಗಲಿಲ್ಲ. ಹೊರೆ ಇಳಿಸಿದ ಹೆಗಲಿನ ಹಾಗೆ ಮೈ ಹಗುರವಾಗಿತ್ತು.

ಕಟ್ಟಕಡೆಗೆ ಮೂಲೆಯಲ್ಲಿ ಅಂಚು ಹರಿದ ಒಂದು ಮಂಕರಿ ಉಳಿಯಿತು. ಅದರಲ್ಲಿ ಗೋಣಿಯ ಚೂರು, ಅದರೊಳಗೆ ಒಂದು ಸುಲಿದ ಕಾಯಿ. ಹೊಗೆ ಹಿಡಿದು ಕಪ್ಪಾಗಿತ್ತು, ಜುಟ್ಟು ಇತ್ತು. ಯಾವ ಹಬ್ಬದ ಕಳಸದ್ದೋ, ಅದನ್ನೂ ಈಯಮ್ಮ ಎಸೆದಿಲ್ಲವಲ್ಲ ಎಂದು ಇದ್ದಬದ್ದ ಸಿಟ್ಟೆಲ್ಲ ನೆತ್ತಿಗೇರಿತು. ಆದರೂ ನಮ್ಮ ಕಡೆಯವರ ಕೈಗೆ ಕಾಯಿ ಸಿಕ್ಕರೆ ಮೊದಲು ಮಾಡುವುದು ಒಂದೇ ಕೆಲಸ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಡಗಡ ಅಂದಿತು. ಕೊಬ್ಬರಿಯಾದ ಕಾಯಿಯನ್ನು ಕೈಯಲ್ಲಿ ಹಿಡಿದು ಇನ್ನೇನು ಯೋಚಿಸುವುದು? "ಇದೊಂದು ಉಳ್ಕೊಂಡಿತ್ತು, ಒಡಿಯಪ್ಪಾ" ಎಂದು ಕೆಳಗೆ ಬಿಟ್ಟೆ.

ಹಳಬ ಜುಟ್ಟು ಕಿತ್ತು ಅತ್ತ ಬಿಸಾಕಿ, ಸುತ್ತ ನಾಲ್ಕು ಪೆಟ್ಟು ತಟ್ಟಿ ಕರಟ ಬಿಡಿಸಿದ. "ಹಳೇದು ಕಣಕ್ಕ, ಎಣ್ಣೆ ಬುಟ್ಟೈತೆ. ಚೀಲಕ್ಕೆ ಬರಾಕಿಲ್ಲ."

"ಮಂಕರಿಗೆ ಹಾಕು" ಎಂದೆ.

ಮಾರನೇ ದಿನ ಚೀಲಗಳು ತಿಪಟೂರಿಗೆ ಹೋದವು. ಅದರ ಮಾರನೇ ದಿನ ಗಂಡ ಮಂಕರಿಯ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ, ಒಂದು ತಗಡಿನ ಡಬ್ಬಿಯ ತುಂಬ ಎಣ್ಣೆ ತಂದರು. ಅಟ್ಟವನ್ನು ನಾನು ಮೂಲೆಮೂಲೆ ಗುಡಿಸಿದ್ದೆ. ಎಷ್ಟೋ ದಿನಗಳ ಮೇಲೆ ಅಂದು ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ.

ಅತ್ತೆ ಬಂದದ್ದು ಅದರ ಮಾರನೇ ದಿನ. ಚಪ್ಪಲಿ ಬಿಟ್ಟು ಒಳಗೆ ಬಂದವರು ನೀರು ಕುಡಿಯುತ್ತಾ ಮೇಲೆ ನೋಡಿದರು. ಬೈಗುಳಕ್ಕೆ ಉತ್ತರ ಕೊಡಲು ನಾನು ಮೂರು ದಿನದಿಂದ ಮನಸ್ಸಿನಲ್ಲೇ ತಯಾರಾಗಿದ್ದೆ. ಅವರು ಬೈಯಲಿಲ್ಲ. ಛತ್ರಿಯ ಮಾತೂ ಎತ್ತಲಿಲ್ಲ. ಚೊಂಬು ಕೆಳಗಿಟ್ಟು, "ಆ ಮೂಲೇಲಿ ಒಂದು ಮಂಕ್ರಿ ಇತ್ತಲ್ಲವ್ವಾ?" ಎಂದರು.

"ಅಂಚು ಹರಿದಿತ್ತು. ಒಲೆಗೆ ಹಾಕ್ದೆ."

"ಅದ್ರಾಗಿನ್ ಕಾಯಿ?"

"ಒಡೆಸ್ದೆ. ಕೊಬ್ಬರಿಯಾಗಿತ್ತು."

ಅತ್ತೆ ಗೋಡೆ ಹಿಡಿದು ನಿಧಾನಕ್ಕೆ ಕೂತರು. ನನ್ನ ಮುಖ ನೋಡದೆ ಹೇಳಿದರು. "ಅದು ನಿಮ್ಮವ್ವ ತುಂಬಿದ್ ಕಾಯಿ ಕಣವ್ವ. ನೀನು ತವರಿಗ್ ಹೋದ್ಯಲ್ಲ ಅವತ್ತು, ಗಂಟು ಇಲ್ಲೇ ಇತ್ತು. ಅಕ್ಕೀನ ಗುಡಿ ಅಯ್ನೋರಿಗೆ ಕೊಟ್ಟೆ. ಬೆಲ್ಲ ಇರುವೆ ತಿಂತು. ಕಾಯಿ ಒಡ್ಯಾಕೆ ಮನಸ್ ಬರ್ನಿಲ್ಲ, ಎಸ್ಯಾಕೂ ಬರ್ನಿಲ್ಲ. ಕೊಟ್ರೆ ನೀನು ಅಳ್ತೀಯ ಅಂತ ಮೇಲಿಟ್ಟಿದ್ದೆ. ನಿನ್ ದುಃಖ ಕಮ್ಮಿ ಆಗ್ಲಿ, ಕೊಡಾನ ಅಂತಿದ್ದೆ."

ಆ ಕಾಯಿಯನ್ನು ನಾನು ಕೈಯಲ್ಲಿ ಹಿಡಿದಿದ್ದೆ. ಕಿವಿಗೆ ಹಿಡಿದು ಅಲ್ಲಾಡಿಸಿದ್ದೆ. ಅಮ್ಮನೂ ಅದನ್ನು ಹಾಗೆಯೇ ಅಲ್ಲಾಡಿಸಿ ನನ್ನ ಸೆರಗಿಗೆ ಹಾಕಿದ್ದಳು. ಹೊಗೆ ಎಂದುಕೊಂಡದ್ದರ ಅಡಿಯಲ್ಲಿ ಅವಳು ಹಚ್ಚಿದ ಅರಿಸಿನ ಇದ್ದಿರಬೇಕು, ಸೆರಗಿನ ತುದಿಯಲ್ಲಿ ಒಂದು ಸಲ ಒರೆಸಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಬೇರೆ ಊರಿನವರಾಗಿದ್ದರೆ, ಅಟ್ಟದಲ್ಲಿ ಗೋಣಿ ಸುತ್ತಿಟ್ಟ ಕಾಯಿ ಕಂಡರೆ ಇದೇನಿದು ಎಂದು ಕೇಳಿರುತ್ತಿದ್ದರು. ಕಾಯಿಯ ರಾಶಿಯಲ್ಲೇ ಬದುಕುವ ನಾವು ಒಂದು ಕಾಯಿಯ ಬಗ್ಗೆ ಏನು ಕೇಳುತ್ತೇವೆ?

ಹಿತ್ತಲಿಗೆ ಓಡಿದೆ. ಕರಟವಾದರೂ ಸಿಕ್ಕೀತೆಂದು ಬಚ್ಚಲ ಪಕ್ಕದ ರಾಶಿಯಲ್ಲಿ ಕೂತು ಹುಡುಕಿದೆ. ಹಂಡೆ ಒಲೆಗೆ ದಿನಾ ಮೊದಲು ಹಾಕುತ್ತಿದ್ದದ್ದು ಮೇಲುಮೇಲಿನ ಕರಟವನ್ನೇ. ಹಾಕಿದವಳು ನಾನೇ. ಬೂದಿಯನ್ನೂ ಬೆಳಿಗ್ಗೆ ತಿಪ್ಪೆಗೆ ಚೆಲ್ಲಿದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ. ಅಮ್ಮ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗ ಕಂಕುಳಲ್ಲಿ ಕೂಸಿತ್ತು.

ಎಷ್ಟು ಹೊತ್ತಾಗಿತ್ತೋ, ಅತ್ತೆ ಮಂಡಿ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದರು. "ಕೊಬ್ಬರಿ ಎಲ್ ಹೋಯ್ತವ್ವ? ತಿಪಟೂರಿಗಾ?"

"ಇಲ್ಲ. ಕೆಂಪಗಾಗಿತ್ತು. ಎಣ್ಣೆ ಮಂಕರಿಗೆ ಹಾಕ್ಸಿದ್ದೆ" ಎಂದೆ. ಅಂದಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಡಬ್ಬಿ ಅಡುಗೆಮನೆಯ ಗೂಡಿನಲ್ಲಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡೆ. ಮಂಕರಿ ತುಂಬ ಇದ್ದ ಕೊಬ್ಬರಿಯಲ್ಲಿ ಅದು ಒಂದೇ ಒಂದು, ಆದರೂ ಈ ಎಣ್ಣೆಯಲ್ಲಿ ಇದ್ದದ್ದಂತೂ ನಿಜ. ಮುಚ್ಚಳಕ್ಕೆ ಬಟ್ಟೆ ಕಟ್ಟಿ ಇಟ್ಟುಬಿಡಬೇಕು, ಯಾರೂ ಮುಟ್ಟಬಾರದು ಎನ್ನಿಸಿತು. ಏಣಿ ಇನ್ನೂ ಅಟ್ಟಕ್ಕೆ ಒರಗಿಕೊಂಡೇ ಇತ್ತು. ನಾನು ಅದರ ಕಡೆ ಹೆಜ್ಜೆ ಹಾಕುವುದನ್ನು ಅತ್ತೆ ನೋಡಿದರು.

"ಮೇಲಿಡಬ್ಯಾಡ" ಎಂದರು.

ಆ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಮೇಲಿಟ್ಟು ಏನಾಯ್ತು ನೋಡಿದ್ಯಲ್ಲ. ಕೂಸನ್ನ ಕರಿ, ತಲೆಗೆ ಹಚ್ಚು. ನಿಮ್ಮವ್ವ ಬಾಣಂತನದಾಗೆ ದಿನಾ ಹಚ್ತಿರ್ನಿಲ್ವ?"

ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಹಿಡಿದು ತಂದು ಮುಂದೆ ಕೂರಿಸಿಕೊಂಡೆ. ಅಂಗೈಗೆ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟಿದೆ. ಅಮ್ಮ ತಟ್ಟುತ್ತಿದ್ದದ್ದು ನಡುನೆತ್ತಿಗೆ, ಬೆರಳು ಅಗಲಿಸಿ, ಅಳುವ ಕೂಸು ಸುಮ್ಮನಾಗುವವರೆಗೂ. ನನ್ನ ಕೈ ತಾನಾಗಿಯೇ ಹಾಗೆ ತಟ್ಟುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತು ಕಾಲು ಚಾಚಿಕೊಂಡರು. ಅವರ ಮಂಡಿಗೂ ಹಚ್ಚಿದೆ.

ಎಣ್ಣೆ ದೀಪಾವಳಿಯ ಅಭ್ಯಂಜನದವರೆಗೆ ಬಂತು. ಕೊನೆಯ ದಿನ ಡಬ್ಬಿಯನ್ನು ಬಿಸಿಲಿಗೆ ಬೋರಲು ಹಾಕಿ ತಳದ ಹನಿಗಳನ್ನೂ ಮಗಳ ಕೂದಲಿಗೆ ಒರೆಸಿದೆ. ಹಳೇ ಕಬ್ಬಿಣದವನು ಅಂದೇ ಬೀದಿಯಲ್ಲಿ ಕೂಗುತ್ತಾ ಬಂದ. ನಾನು ಬಾಗಿಲಿಗೆ ಹೋಗಲಿಲ್ಲ. ಡಬ್ಬಿಯನ್ನು ಒರೆಸಿ, ಏಣಿ ಹಾಕಿ, ಹೊಸ ಕಾಯಿಗಳನ್ನು ಸರಿಸಿಕೊಂಡು ಗೋಡೆಯ ಮೂಲೆಯಲ್ಲಿಟ್ಟು ಇಳಿದೆ.