ಉಡಿ ತುಂಬಿದ ಚೀಲ

ಕೊಟ್ಟೂರಿನ ರೈಲ್ವೆ ಸ್ಟೇಷನ್ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ, ಅಂಜಿನಕ್ಕ ಆಗಲೇ ಕಟ್ಟೆಗೆ ಬಂದು ಕೂತಿರುತ್ತಾರೆ. ಕಾಲು ಚಾಚಿ, ತೊಡೆಯ ಮೇಲೆ ಹಳೆ ಸೀರೆಯ ನಾಲ್ಕು ಪದರ ಹರಡಿಕೊಂಡು ಸೂಜಿ ಓಡಿಸುತ್ತಾರೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಕಣ್ಣಿಗೆ ಪೊರೆ ಬಂದಿದ್ದರೂ ಬೆರಳು ದಾರಿ ತಪ್ಪುವುದಿಲ್ಲ.

ಅರವತ್ತರ ಹತ್ತಿರದ ಅಂಜಿನಕ್ಕ ಕೌದಿ ಹೊಲಿಯುವುದನ್ನು ಅವ್ವನಿಂದ ಕಲಿತವರು. ಅಂಗಡಿ ರಗ್ಗುಗಳು ಬಂದ ಮೇಲೆ ಕೌದಿ ಕೇಳುವವರಿಲ್ಲದೆ ಹನ್ನೊಂದು ವರ್ಷ ಕಾಫಿ ತೋಟಕ್ಕೆ ಗುಳೆ ಹೋದರು. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ಜರೀನಾ, ಹೊಲಿಗೆ ಮಷಿನ್ ತುಳಿಯುವಾಕೆ, ಕೌದಿಯ ತುಂಡಿಗೆ ಹಿಡಿಕೆ ಹಚ್ಚಿ ಚೀಲ ಮಾಡಿ ಸಂತೆಗೆ ಒಯ್ದರು. "ಹತ್ತು ಕೆ.ಜಿ. ಉಳ್ಳಾಗಡ್ಡಿ ಹೇರಿದ್ನಿ, ಜಗ್ಗಲಿಲ್ಲ ನೋಡ್ರಿ," ಎನ್ನುತ್ತಾರೆ ಜರೀನಾ. ಈಗ ಇಬ್ಬರೂ ಸೇರಿ ದಿನಕ್ಕೆರಡು ಚೀಲ ಮುಗಿಸುತ್ತಾರೆ. ಹೊಸಪೇಟೆಯ ಅಂಗಡಿಯೊಂದು ಕೊಳ್ಳತೊಡಗಿದ ಮೇಲೆ ಗುಳೆ ನಿಂತಿದೆ.

ಕಳೆದ ಮಳೆಗಾಲದಲ್ಲಿ ಎಡವಟ್ಟಾಯಿತು. ಕೌದಿಯ ಕೊನೆಯ ಹೊಲಿಗೆಗೆ ಮುಂಚೆ ಪದರದ ನಡುವೆ ನಾಲ್ಕು ಕಾಳು ಜೋಳ ಇಟ್ಟು, ಮನೆಮಗಳನ್ನು ಕಳಿಸುವಾಗ ಮಡಿಲು ತುಂಬುವ ಹಾಗೆ, ಉಡಿ ತುಂಬುವುದು ಅಂಜಿನಕ್ಕನ ಅವ್ವನ ಕಾಲದ ರೂಢಿ. ಚೀಲಕ್ಕೂ ಹಾಗೇ ತುಂಬುತ್ತಿದ್ದರು. ಅದು ಹೇಳುವಂಥ ವಿಷಯವೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಅಂಗಡಿಯಲ್ಲಿ ದಾಸ್ತಾನಿದ್ದ ಚೀಲಗಳ ಕಾಳಿಗೆ ಬಿದ್ದ ಹುಳಗಳು ಬಟ್ಟೆ ಕೊರೆದು ಹೊರಬಂದವು. ನಲವತ್ತು ಚೀಲ ವಾಪಸಾದವು. ಇನ್ನೊಮ್ಮೆ ಕಾಳು ಕಂಡರೆ ವ್ಯಾಪಾರ ಬಂದ್ ಎಂದು ಅಂಗಡಿಯ ಓಬಳೇಶ ಹೇಳಿ ಕಳಿಸಿದರು.

ಆ ವಾರ ಅಂಜಿನಕ್ಕ ಸೂಜಿ ಮುಟ್ಟಲಿಲ್ಲ. ಗುಳೆಯ ಟ್ರಂಕನ್ನು ಅಟ್ಟದಿಂದ ಇಳಿಸಿದ್ದೂ ಆಯಿತು. ಕಾಳನ್ನು ಹುರಿದು ಹಾಕಿದರೆ ಹುಳ ಬೀಳದು ಎಂದು ಜರೀನಾ ಉಪಾಯ ಹೇಳಿದರೆ ಅದಕ್ಕೂ ಒಪ್ಪಲಿಲ್ಲ.

"ಹುರಿದದ್ದು ಮೊಳಕಿ ಒಡಿತೈತೇನವ್ವ? ಅದು ಉಡಿ ಅಲ್ಲ, ಬಾಯಾಡ್ಸೋ ಕಾಳು."

ಅನ್ನಕ್ಕೇ ಕುತ್ತು ಬಂದಾಗ ಇದೆಂಥ ಮೊಂಡುತನ ಎಂದು ಕೇಳಿದವರಿಗೆ ಮೊದಲು ಸಿಟ್ಟು ಬರುತ್ತದೆ. ಆ ಮುಖ ನೋಡಿದರೆ ಸಿಟ್ಟು ನಿಲ್ಲುವುದಿಲ್ಲ.

ಕೊನೆಗೆ ನಲವತ್ತನ್ನೂ ಬಿಚ್ಚಿ, ಝಾಡಿಸಿ, ಮತ್ತೆ ಹೊಲಿದರು. ಜರೀನಾ ಒಳಗೊಂದು ಪುಟ್ಟ ಜೇಬು ಹಚ್ಚಿದರು. ಕಾಳು ಈಗ ಹೊಲಿಗೆಯಲ್ಲಿಲ್ಲ, ಆ ಜೇಬಿನಲ್ಲಿದೆ, ಬೇಡವೆನ್ನುವವರು ಸುರುವಿಬಿಡಬಹುದು. ಅಂಜಿನಕ್ಕ ತಾವೇ ಬಸ್ಸು ಹತ್ತಿ ಹೋಗಿ ಓಬಳೇಶರ ಮುಂದೆ ಗಂಟು ಬಿಚ್ಚಿದರು, ಕಾಳಿದೆ ಎಂದು ಮೊದಲೇ ಹೇಳಿದರು. ತವರಿಗೆ ಬಂದ ಅಕ್ಕತಂಗಿಯರ ಉಡಿ ತುಂಬುವ ಮನೆಯವರೇ ಅವರೂ. ಜೇಬಿಗೆ ಬೆರಳಾಡಿಸಿ, ನಲವತ್ತನ್ನೂ ಇಳಿಸಿಕೊಂಡರು.

ಒಪ್ಪದೇ ಹೋಗಿದ್ದರೆ ಏನು ಗತಿ ಎಂದು ಕೇಳಿದರೆ ಅಂಜಿನಕ್ಕ ಹಲ್ಲಿನಿಂದ ದಾರ ಕಡಿಯುತ್ತಾರೆ.

"ಗುಳೇ ಹೋಗತಿದ್ನಿರಿ, ಮತ್ತೇನ. ತಗೊಂಡವ್ರು ಕಾಳು ಝಾಡಿಸಿ ಒಗೀಲಿ, ನನಗೇನಿಲ್ಲ. ಬರೀ ಉಡೀಲೆ ಮಾತ್ರ ನಾ ಯಾವದನ್ನೂ ಕಳಿಸಿಲ್ಲ."