ಲಾಡ್ಜಿನ ತಾರಸಿಯಿಂದ ಹೇಳಿದ ಸುಳ್ಳು

ಮೊದಲ ಸಾಫ್ಟ್‌ವೇರ್ ನೌಕರಿಯ ಹುಮ್ಮಸ್ಸಿನಲ್ಲಿ ಅಪ್ಪ, ಅವ್ವನಿಗೆ ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ಬೀದರಿನ ಕಡೆಯಿಂದ ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾದರೂ ಹುಸೇನ್ ಸಾಗರವನ್ನೇ ಸಾಗರವೆಂದು ನೋಡಿ ತೃಪ್ತರಾಗಿದ್ದ ಜನ ನಾವು. ಎರಡು ತಿಂಗಳ ಹಿಂದೆ ಅಪ್ಪ ಎದೆನೋವೆಂದು ಆಸ್ಪತ್ರೆ ಸೇರಿ ಬಂದಿದ್ದ. ಗಾಳಿ ಬದಲಾದರೆ ಒಳ್ಳೆಯದಾದೀತೆಂದು ಆಂಧ್ರದ ಸೂರ್ಯಲಂಕದ ಕಡಲ ದಂಡೆಯಲ್ಲಿ ಒಂದು ಅಗ್ಗದ ಲಾಡ್ಜು ಹಿಡಿದೆ. ಅಗ್ಗ ಅಂದರೆ ಅಗ್ಗವೇ. ನಲ್ಲಿಯಲ್ಲಿ ಉಪ್ಪು ನೀರು, ಹಾಸಿಗೆಯಲ್ಲಿ ಹಿಂದಿನವರು ಬಿಟ್ಟುಹೋದ ಮರಳು. ಅವ್ವ ಬಾಗಿಲಲ್ಲೇ ಮೂಗು ಮುರಿದಳು.

ಮರುದಿನ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಇಡ್ಲಿ ತಿನ್ನುತ್ತಿದ್ದ. ಕಾಗೆಯೊಂದು ಹಾರಿಬಂದು ಅವನ ತಲೆಗೆ ಫಟ್ಟನೆ ಬಡಿದು, ಇಡ್ಲಿ ಕಚ್ಚಿಕೊಂಡು ಹೋಯಿತು. ಅಪ್ಪ ನಕ್ಕ. ಅವ್ವನ ಕೈಯಲ್ಲಿದ್ದ ಚಹಾದ ಲೋಟ ಕೆಳಗೆ ಬಿತ್ತು.

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತೆಂದು ನಮ್ಮವರ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಆ ಮನುಷ್ಯ ಸತ್ತನೆಂದು ರಕ್ತಸಂಬಂಧಿಗಳಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ಅಳಬೇಕು. ಕಣ್ಣೀರು ಬಿದ್ದ ಮೇಲೆ ನಿಜ ಹೇಳಿಬಿಟ್ಟರಾಯಿತು, ಸಾವಿಗೆ ಬಂದ ದಾರಿಗೆ ಸುಂಕವಿಲ್ಲ.

ಅಪ್ಪನಿಗೆ ರಕ್ತಸಂಬಂಧವೆಂದು ಉಳಿದವಳು ಅವನ ಅಕ್ಕ ಒಬ್ಬಳೇ, ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ನನ್ನ ಅತ್ತೆ. ಕೂಕಟ್‌ಪಲ್ಲಿಯ ನಮ್ಮ ಮನೆಯಿಂದ ಒಂದೇ ಬಸ್ಸಿನ ದಾರಿ, ಆದರೆ ಆರು ವರ್ಷದಿಂದ ಮಾತಿಲ್ಲ. ತನ್ನ ಮಗಳ ಮದುವೆಗೆ ಅವಳು ನಮ್ಮ ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯದೆ ಕಾರ್ಡನ್ನು ಅಂಚೆಯಲ್ಲಿ ಕಳಿಸಿದಳು. ಸೋದರಮಾವನಾಗಿ ನಿಲ್ಲಬೇಕಾದ ಅಪ್ಪ ಮದುವೆಗೇ ಹೋಗಲಿಲ್ಲ. ಎದೆನೋವಿನ ಸುದ್ದಿಯನ್ನೂ ಅವಳಿಗೆ ತಿಳಿಸಗೊಡಲಿಲ್ಲ. ಹಟದಲ್ಲಿ ಮಾತ್ರ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಕಾಗೆ, ಗೂಬೆಗಳನ್ನೆಲ್ಲ ನಂಬುವವಳಲ್ಲ ನಾನು. ಅತ್ತೆಗೆ ಫೋನು ಮಾಡೆಂದ ಅವ್ವನ ಮೇಲೆ ಹಾರಾಡಿದೆ. ಸುದ್ದಿ ಕೇಳಿ ಆ ವಯಸ್ಸಾದ ಜೀವಕ್ಕೆ ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದು ಕೇಳಿದೆ. ಅವ್ವ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಳು. ಆಸ್ಪತ್ರೆಯ ಬಾಗಿಲಲ್ಲೂ ಹಾಗೇ ನಿಂತಿದ್ದಳು. ನಾನು ಸೋತೆ.

ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಅತ್ತೆಯೇ ಫೋನು ಎತ್ತಿದಳು.

"ಅತ್ತಿ, ಅಪ್ಪ ಹೋದ" ಎಂದೆ.

ಅವಳು ಎಲ್ಲಿದ್ದೀರೆಂದು ಕೇಳಿದಳು. ಊರು, ಲಾಡ್ಜಿನ ಹೆಸರು ಹೇಳಿದೆ. ಇನ್ನೇನು ಅಳುತ್ತಾಳೆ, ನಿಜ ಹೇಳಿಬಿಡೋಣ ಎಂದು ಕಾಯುತ್ತಿದ್ದಂತೆ ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ.

ಅತ್ತೆಗೆ ಬಿಪಿ, ಸಕ್ಕರೆ ಎರಡೂ ಇದ್ದವು. ಮನೆಯಲ್ಲಿ ಒಬ್ಬಳೇ. ಬಿದ್ದುಗಿದ್ದು ಹೋದಳೋ ಏನೋ, ಹೋಗಿ ನೋಡಿ ಎನ್ನಲು ಪಕ್ಕದವರ ನಂಬರೂ ನನ್ನ ಹತ್ತಿರ ಇರಲಿಲ್ಲ. ದಿನವಿಡೀ ತಾರಸಿಯ ಮೆಟ್ಟಿಲು ಹತ್ತಿ ಇಳಿದೆ. ಅವ್ವನ ಸಂಕಟ ಇನ್ನೊಂದು: ಅತ್ತೆ ಅಳದಿದ್ದರೆ ದೋಷ ಹಾಗೇ ಉಳಿಯಿತಲ್ಲ. ಸಮುದ್ರದ ಕಡೆ ಯಾರೂ ಮುಖ ಹಾಕಲಿಲ್ಲ.

ಸಂಜೆ ಅಪ್ಪನಿಗೆ ಗೊತ್ತಾಯಿತು. ಬೈಯುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಒಂದೇ.

"ಅಕ್ಕ ಅತ್ಲೇನು?"

ಹೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ದಿನವಿಡೀ ಕುದ್ದ ಸಿಟ್ಟು ನಾಲಿಗೆಗೆ ಬಂದು, ಇಲ್ಲ, ಫೋನ್ ಇಟ್ಟುಬಿಟ್ಟಳು ಎಂದೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಊಟಕ್ಕೂ ಏಳಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ನನ್ನನ್ನೇ ಶಪಿಸಿಕೊಂಡೆ.

ಬೆಳಿಗ್ಗೆ ಲಾಡ್ಜಿನ ಮುಂದೆ ಆಟೊ ನಿಂತಿತು. ಅತ್ತೆ ಇಳಿದಳು, ಒಬ್ಬಳೇ, ಕೈಯಲ್ಲೊಂದು ಬಟ್ಟೆಯ ಚೀಲ. ಫೋನನ್ನು ಮನೆಯಲ್ಲೇ ಬಿಟ್ಟು, ರಾತ್ರಿಯಿಡೀ ರೈಲಿನಲ್ಲಿ ಕೂತೇ ಬಂದಿದ್ದಳಂತೆ. ಸತ್ತವರು ಯಾವ ರೂಮಿನಲ್ಲಿದ್ದಾರೆಂದು ಮ್ಯಾನೇಜರನನ್ನು ತೆಲುಗಿನಲ್ಲಿ ಕೇಳಿದ್ದೇ ತಡ, ಅವನು ಹೌಹಾರಿ ಕೀಲಿಗೊಂಚಲು ಹಿಡಿದು ಒಂದೊಂದೇ ಬಾಗಿಲು ಬಡಿಯತೊಡಗಿದ. ಗದ್ದಲ ಕೇಳಿ ಅಪ್ಪ ಬನಿಯನ್ನಿನಲ್ಲೇ ಹೊರಬಂದ.

"ಅಕ್ಕಾ" ಎಂದ.

ಅತ್ತೆ ಮೆಟ್ಟಿಲ ಮೇಲೆ ಕುಸಿದಳು. ಅವಳ ಕಾಲು ಹಿಡಿದು ಕಾಗೆಯ ಕತೆಯನ್ನೆಲ್ಲ ತೊದಲಿದೆ. ಕೇಳಿಸಿಕೊಂಡಳೋ ಇಲ್ಲವೋ, ಎದ್ದು ಆ ಚೀಲದಿಂದಲೇ ಅಪ್ಪನ ಬೆನ್ನಿಗೆ ನಾಲ್ಕು ಬಾರಿಸಿದಳು. ಚೀಲದಿಂದ ಹೊಸ ಧೋತರ ಜಾರಿ ಬಿತ್ತು. ಮದುವೆಯಲ್ಲಿ ಸೋದರಮಾವನಿಗೆಂದು ತಂದದ್ದು, ಆರು ವರ್ಷ ಟ್ರಂಕಿನಲ್ಲೇ ಇತ್ತಂತೆ. ಹೆಣದ ಮೇಲಾದರೂ ಹೊದಿಸೋಣವೆಂದು ತಂದಿದ್ದಳು.

"ದಾರಿಯಾಗ ಒಂದು ಹನಿ ಕಣ್ಣೀರ ಹಾಕಲಿಲ್ಲೋ ತಮ್ಮಾ. ಅತ್ರ ನೀ ಹೋಗಿದ್ದು ಖರೇ ಆಗ್ತೈತಿ ಅಂತ ಹಲ್ಲು ಕಚ್ಚಿ ಕುಂತಿದ್ದೆ."

ಅಷ್ಟು ಹೇಳಿದವಳು ಅಂಗಳಕ್ಕೆಲ್ಲ ಕೇಳುವಂತೆ ಅತ್ತಳು. ಅವ್ವ ನನ್ನ ಕೈ ಹಿಂಡಿ, ಅಂತೂ ಅತ್ತಳು ಎಂದು ಪಿಸುಗುಟ್ಟಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಪಶಕುನ ಎಂದು ಅವ್ವ ಎಷ್ಟು ಬೇಡಿಕೊಂಡರೂ ಅಪ್ಪ ಅದೇ ಧೋತರ ಉಟ್ಟು ಅಕ್ಕನೊಂದಿಗೆ ಸಮುದ್ರಕ್ಕೆ ಹೋದ. ಹೊರಡುವ ಮುನ್ನ ಅತ್ತೆ ನನ್ನ ಕಿವಿ ಹಿಂಡಿ, "ಇನ್ನ ಮ್ಯಾಲ ನಿನ್ನ ಮಾತು ನಂಬಂಗಿಲ್ಲ. ನಿಮ್ಮಪ್ಪನ ಸುದ್ದಿ ಏನಿದ್ರೂ ಅವನ ಕೈಯಾಗ ಫೋನ್ ಕೊಡು" ಎಂದಳು.

ಹಾಗೇ ನಡೆಯಿತು. ಪ್ರತಿ ಭಾನುವಾರ ಅಪ್ಪನೇ ಫೋನು ಮಾಡುತ್ತಿದ್ದ, ಅಕ್ಕಾ, ನಾ ಇನ್ನೂ ಅದೀನಿ ಎಂದೇ ಶುರುಮಾಡುತ್ತಿದ್ದ. ಒಂಬತ್ತು ವರ್ಷ ಹೀಗೇ ಕಳೆಯಿತು. ಆಮೇಲೊಂದು ಮಂಗಳವಾರ ಬೆಳಿಗ್ಗೆ ನಾನು ಮಾಡಬೇಕಾಯಿತು. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ. ಅತ್ತಿ, ಅಪ್ಪ ಹೋದ ಎಂದೆ.

ಅತ್ತೆ ನಕ್ಕಳು.

"ಅವನ ಕೈಯಾಗ ಫೋನ್ ಕೊಡು" ಎಂದಳು.